ಜಮಶೇಟಜಿ ಟಾಟಾ ಮತ್ತು ಅವರು ಕಾಣದೆ ಹೋದ ವಿದ್ಯಾಪೀಠ

ಎಸ್.ಎಸ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಮರುದಿನ ಹೆತ್ತವರು ನಮ್ಮ ಬಳಿಗೆ ಬಂದು ಕೇಳುವ ಪ್ರಶ್ನೆಯು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಮುಂದೆ ಏನನ್ನು ಓದಿಸಿದರೆ ಮಗುವಿಗೆ ಕೆಲಸವು ದೊರೆತೀತು ಎಂಬುದೇ ಆ ಪ್ರಶ್ನೆ. ಹೋಟೆಲಿನ ಗಲ್ಲೆಯ ಮೇಲೆ ಕುಳಿತೋ, ಗಿರಣಿಯ ಸಾಂಚೆಯ ಮುಂದೆ ನಿಂತೋ, ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತೋ ಬಾಳನ್ನು ಸಾಗಿಸಿದ ಹಿರಿಯರು ಹೀಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಪ್ರಶ್ನೆಯು ಹೊಸದೆಂದು ಮಾತ್ರ ಯಾರೂ ಭಾವಿಸಬಾರದು. 1898ನೆಯ ಇಸವಿಯ ಡಿಸೆಂಬರ್ 31ರಂದು, ಇದೇ ಮುಂಬಯಿ ನಗರದಲ್ಲಿ, ಹಿಂದಿನ ದಿನವಷ್ಟೇ ಹಡಗಿನಿಂದ ಇಳಿದಿದ್ದ ಲಾರ್ಡ್ ಕರ್ಜನ್ನರು ಇದನ್ನೇ ಕೇಳಿದ್ದರು. ಅವರು ಹಿಂದೂಸ್ಥಾನದ ವೈಸರಾಯ್ ಪದವಿಗೆ ನಿಯುಕ್ತರಾಗಿ ಬಂದವರು. ಅವರನ್ನು ಕಾಣಲು ಹೋದ ನಿಯೋಗವು ಒಬ್ಬ ಗಿರಣಿ ಮಾಲಿಕರ ಯೋಜನೆಯನ್ನು ಅವರ ಮುಂದಿರಿಸಿತ್ತು. ವಿಜ್ಞಾನ ಸಂಶೋಧನೆಗೆಂದೇ ಒಂದು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಬೇಕೆಂಬುದು ಆ ಯೋಜನೆ. ಕರ್ಜನ್ನರು ಎರಡು ಸಂದೇಹಗಳನ್ನು ಮುಂದಿಟ್ಟರು. ಅಷ್ಟು ಉನ್ನತವಾದ ವಿದ್ಯೆಗೆ ತಕ್ಕ ವಿದ್ಯಾರ್ಥಿಗಳು ಈ ದೇಶದಲ್ಲಿ ಸಿಕ್ಕುವರೆ? ಸಿಕ್ಕಿ, ಕಲಿತು ಹೊರಬಂದರೆ ಅವರಿಗೆ ಕೆಲಸವನ್ನು ಕೊಡುವವರು ಯಾರು?

ಆ ಗಿರಣಿ ಮಾಲಿಕರೇ ಜಮಶೇಟಜಿ ನಸರವಾನಜಿ ಟಾಟಾ ಅವರು. ಅವರ ಜೀವನವನ್ನು ಈ ಎರಡನೆಯ ಸಂದೇಹದ ಬೆಳಕಿನಲ್ಲಿ ನೋಡುವುದು ನಮ್ಮ ಉದ್ದೇಶ.

ಜಮಶೇಟಜಿಯವರು 1839ನೆಯ ಇಸವಿಯ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ ಪಾರಸಿ ಪುರೋಹಿತರ ಮನೆತನದಲ್ಲಿ ಜನಿಸಿದರು. ತಲೆತಲಾಂತರದಿಂದ ಬಂದ ಪೌರೋಹಿತ್ಯವನ್ನು ಬಿಟ್ಟು ವ್ಯಾಪಾರಕ್ಕೆ ಕೈಹಾಕಿದವರಲ್ಲಿ ಅವರ ತಂದೆ ನಸರವಾನಜಿಯವರೇ ಆ ಮನೆತನದಲ್ಲಿ ಮೊದಲಿಗರು. ತಂದೆಯವರು ಮುಂಬಯಿಯಲ್ಲಿ ನೆಲೆಯೂರಿದ ಮೇಲೆ ಹದಿಮೂರು ವರ್ಷದ ಬಾಲಕನೂ ಈ ನಗರಕ್ಕೆ ಬಂದನು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ಗ್ರೀನ್ ಸ್ಕಾಲರ್ ಎಂಬ, ಪದವೀಧರನಿಗೆ ಸಮನಾದ ಗೌರವವನ್ನು ಪಡೆದನು. ಮುಂಬಯಿ ವಿಶ್ವವಿದ್ಯಾನಿಲಯವು ಸ್ಥಾಪನೆಯಾಗಿ ಆಗ ಒಂದು ವರ್ಷವಷ್ಟೇ ಆಗಿದ್ದಿತು. ಲಂಡನ್ನಿನ ಮಾದರಿಯಲ್ಲಿ ಹುಟ್ಟಿದ ಆ ವಿಶ್ವವಿದ್ಯಾನಿಲಯವು ಬಹುಕಾಲ ಪರೀಕ್ಷೆಗಳನ್ನು ನಡೆಸಿ ಪದವಿಗಳನ್ನು ಕೊಡುವ ಸಂಸ್ಥೆಯಾಗಿ ಉಳಿಯಿತು. ಕಲಿತವರಿಗೆ ಸರಕಾರಿ ಕಚೇರಿ, ನ್ಯಾಯಾಲಯ, ಶಾಲೆ, ಈ ಮೂರು ಬಾಗಿಲುಗಳು ತೆರೆದಿದ್ದವು. ಜಮಶೇಟಜಿಯವರಿಗೆ ಪುಸ್ತಕಗಳ ಮೇಲಿನ ಪ್ರೀತಿ ಕೊನೆಯವರೆಗೂ ಇದ್ದಿತು. ಆದರೆ ಆ ಮೂರು ಬಾಗಿಲುಗಳಲ್ಲಿ ಒಂದನ್ನೂ ಅವರು ತಟ್ಟಲಿಲ್ಲ.

ತಂದೆಯವರ ವ್ಯಾಪಾರಕ್ಕಾಗಿ ಅವರು ಮೊದಲು ಹಾಂಗ್‌ಕಾಂಗಿಗೂ ಅನಂತರ ಲಂಡನ್ನಿಗೂ ಹೋದರು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿನ ಹತ್ತಿಯು ಇಂಗ್ಲೆಂಡಿಗೆ ಬರುವುದು ನಿಂತುಹೋಗಿದ್ದ ಕಾಲವದು. ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂದಿದ್ದಿತು. ಯುದ್ಧವು ಮುಗಿದೊಡನೆ ಬೆಲೆ ಕುಸಿಯಿತು. ಟಾಟಾ ಮನೆತನವೂ ಸಾಲದಲ್ಲಿ ಮುಳುಗಿತು. ಲಂಡನ್ನಿನಲ್ಲಿದ್ದ ತರುಣ ಜಮಶೇಟಜಿ ಸಾಲಗಾರರಿಂದ ತಲೆಮರೆಸಿಕೊಳ್ಳದೆ ಅವರೆದುರು ನಿಂತು ಇದ್ದುದನ್ನು ಇದ್ದಂತೆ ಹೇಳಿದರು. ಲೆಕ್ಕಪತ್ರಗಳನ್ನು ತೀರಿಸುವ ಕೆಲಸವನ್ನು ಆ ಸಾಲಗಾರರೇ ಸಂಬಳ ಕೊಟ್ಟು ಅವರಿಗೆ ಒಪ್ಪಿಸಿದರೆಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿಯಾಗಿದೆ.

1868ರಲ್ಲಿ 21,000 ರೂಪಾಯಿಗಳ ಮೂಲಧನದಿಂದ ಅವರು ಸ್ವಂತ ವ್ಯಾಪಾರವನ್ನು ಆರಂಭಿಸಿದರು. ಮರುವರ್ಷ ಚಿಂಚಪೋಕಳಿಯಲ್ಲಿ ದಿವಾಳಿಯೆದ್ದಿದ್ದ ಒಂದು ಎಣ್ಣೆಯ ಗಿರಣಿಯನ್ನು ಕೊಂಡು ಹತ್ತಿಯ ಗಿರಣಿಯನ್ನಾಗಿ ಮಾರ್ಪಡಿಸಿದರು. ಎರಡು ವರ್ಷಗಳಲ್ಲಿ ಅದನ್ನು ಲಾಭಕ್ಕೆ ಮಾರಿ, ಲ್ಯಾಂಕಾಶಯರಿಗೆ ಹೋಗಿ ಅಲ್ಲಿನ ನೂಲುವ ವಿದ್ಯೆಯನ್ನು ಕಣ್ಣಾರೆ ಕಂಡು ಬಂದರು. ಮುಂಬಯಿಯ ಸೇಠರೆಲ್ಲ ಮುಂಬಯಿಯಲ್ಲಿಯೇ ಗಿರಣಿಗಳನ್ನು ಕಟ್ಟುತ್ತಿದ್ದಾಗ ಇವರು ಹತ್ತಿ ಬೆಳೆಯುವ ಸೀಮೆಯ ನಡುವಿನ ನಾಗಪುರವನ್ನು ಆರಿಸಿಕೊಂಡರು. 1877ರ ಜನವರಿ 1ರಂದು ಅಲ್ಲಿ ಎಂಪ್ರೆಸ್ ಗಿರಣಿಯು ಪ್ರಾರಂಭವಾಯಿತು.

ನಾಗಪುರದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಗಿರಣಿಯ ವ್ಯವಸ್ಥಾಪಕರನ್ನಾಗಿ ಅವರು ನೇಮಿಸಿದ ಬೇಜನಜಿ ಮೆಹತಾ ಅವರು ರೈಲ್ವೆಯ ಸರಕು ವಿಭಾಗದಲ್ಲಿದ್ದವರು. ನೂಲಿನ ಗಂಧವೂ ಅವರಿಗಿರಲಿಲ್ಲ. ಕಲಿಯಬಲ್ಲವನಿಗೆ ಯಾವ ಕೆಲಸವನ್ನಾದರೂ ಕಲಿಸಬಹುದೆಂಬ ಜಮಶೇಟಜಿಯವರ ನಂಬಿಕೆಯು ಇಲ್ಲಿ ಹುಸಿಯಾಗಲಿಲ್ಲ. ಆ ಕಾಲದ ನೂಲುವ ಯಂತ್ರಗಳು ನೂಲನ್ನು ಎಳೆಯುವುದಕ್ಕೊಮ್ಮೆ, ಸುತ್ತುವುದಕ್ಕೊಮ್ಮೆ ಹಿಂದೆ ಮುಂದೆ ಚಲಿಸುತ್ತಿದ್ದವು. ಎಳೆಯುವುದೂ ಸುತ್ತುವುದೂ ಏಕಕಾಲಕ್ಕೆ ನಡೆಯುವ ರಿಂಗ್ ಕದಿರು ಆಗತಾನೆ ಬಂದಿದ್ದಿತು. ಲ್ಯಾಂಕಾಶಯರಿನ ಜನರೇ ಅನುಮಾನಿಸುತ್ತಿದ್ದ ಆ ಹೊಸ ಯಂತ್ರವನ್ನು ಅವರು ನಾಗಪುರದಲ್ಲಿ ಪರೀಕ್ಷಿಸಿ ನೋಡಿ ಅಳವಡಿಸಿದರು. ಯಂತ್ರವನ್ನು ಬದಲಿಸಿದವರು ಜನರನ್ನು ಬೀದಿಗೆ ಬಿಡಲಿಲ್ಲ. ಕೆಲಸಗಾರರು ಹೇಳದೆ ಕೇಳದೆ ಗೈರುಹಾಜರಾಗುತ್ತಿದ್ದುದಕ್ಕೆ ದಂಡ ಹಾಕುವ ಬದಲು ಬಹುಮಾನಗಳನ್ನಿಟ್ಟರು. 1886ರಲ್ಲಿ ನಿವೃತ್ತಿ ವೇತನದ ನಿಧಿಯನ್ನೂ 1895ರಲ್ಲಿ ಅಪಘಾತದ ಪರಿಹಾರವನ್ನೂ ಏರ್ಪಡಿಸಿದರು. ಯಾವ ಕಾನೂನೂ ಇದನ್ನು ಕೇಳದಿದ್ದ ಕಾಲದಲ್ಲಿ! ವಿದ್ಯಾವಂತ ತರುಣರನ್ನು ಗಿರಣಿಯೊಳಗೆ ಉಮೇದುವಾರರನ್ನಾಗಿ ಇರಿಸಿಕೊಂಡು ಕೆಲಸವನ್ನು ಕಲಿಸುವ ಪದ್ಧತಿಯೂ ಅಲ್ಲಿ ನಡೆಯಿತು.

1886ರಲ್ಲಿ ಅವರು ನಮ್ಮ ಕುರ್ಲಾದಲ್ಲಿ ಧರ್ಮಸಿ ಗಿರಣಿಯನ್ನು ಹನ್ನೆರಡೂವರೆ ಲಕ್ಷ ರೂಪಾಯಿಗಳಿಗೆ ಕೊಂಡು ಸ್ವದೇಶಿ ಎಂಬ ಹೆಸರನ್ನಿಟ್ಟರು. ಅಗ್ಗದ ಖರೀದಿಯೆಂದು ತೋರಿದ್ದು ದುಬಾರಿಯಾಯಿತು. ಯಂತ್ರಗಳು ಜೀರ್ಣವಾಗಿದ್ದವು, ನೂಲು ಹಾಳಾಗಿ ಬಂದಿತು, ಪಾಲುದಾರರು ಅಧೀರರಾದರು. ನಾಗಪುರದಿಂದ ನುರಿತ ಜನರನ್ನು ಕರೆಸಿಕೊಂಡು, ತಮ್ಮ ಸ್ವಂತ ಹಣವನ್ನು ಸುರಿದು ಅವರು ಅದನ್ನು ಮೇಲೆತ್ತಿದರು. ನಮ್ಮ ಅಭಿಪ್ರಾಯದಲ್ಲಿ ಜಮಶೇಟಜಿಯವರಿಗೆ ವಿದ್ಯಾಪೀಠದ ಅಗತ್ಯವನ್ನು ಕಲಿಸಿದ ಗುರುಗಳಲ್ಲಿ ಕುರ್ಲಾದ ಆ ಹಳೆಯ ಯಂತ್ರಗಳೂ ಸೇರಿವೆ. ಬಂಡವಾಳವಿದ್ದಿತು, ಹತ್ತಿಯಿದ್ದಿತು, ದುಡಿಯುವ ಕೈಗಳಿದ್ದವು; ಯಂತ್ರವನ್ನು ಬಲ್ಲವರು ಮಾತ್ರ ಬೆರಳೆಣಿಕೆಯಷ್ಟು.

1889ರಲ್ಲಿ ಮುಂಬಯಿಯ ಗವರ್ನರರಾಗಿದ್ದ ಲಾರ್ಡ್ ರೇ ಅವರು ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ಮಾತನಾಡುತ್ತ, ಪರೀಕ್ಷೆ ನಡೆಸುವುದರಲ್ಲೇ ತೃಪ್ತವಾದ ವಿಶ್ವವಿದ್ಯಾನಿಲಯವು ಮುಂದೆ ಸಾಗಲಾರದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಈ ಭಾಷಣವು ಜಮಶೇಟಜಿಯವರ ಮನಸ್ಸಿನಲ್ಲಿ ಬೇರೂರಿತು. 1892ರಲ್ಲಿ ಅವರು ಉಚ್ಚ ಶಿಕ್ಷಣಕ್ಕಾಗಿ ವಿದೇಶಕ್ಕೆ ಹೋಗುವವರಿಗೆ ನೆರವಾಗುವ ಒಂದು ನಿಧಿಯನ್ನು ಸ್ಥಾಪಿಸಿದರು. ಮೊದಲು ಪಾರಸಿಗಳಿಗೆ ಮೀಸಲಾಗಿದ್ದ ಅದನ್ನು ಬೇಗನೆ ಎಲ್ಲ ಜಾತಿಮತದವರಿಗೂ ತೆರೆದಿಟ್ಟರು. ಇದು ದಾನವಲ್ಲ, ಸಾಲ. ಪಡೆದವರು ದುಡಿಯತೊಡಗಿದ ಮೇಲೆ ಹಿಂತಿರುಗಿಸಬೇಕು. ಆ ಹಣದಿಂದ ಮತ್ತೊಬ್ಬರು ಓದಬೇಕು. ಇದರ ನೆರವನ್ನು ಪಡೆದ ಮೊದಲಿಗರಲ್ಲಿ ಮಹಿಳಾ ವೈದ್ಯರೂ ಇದ್ದರೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು.

ಕೆಲವರನ್ನು ಹೊರಗೆ ಕಳುಹಿಸುವುದರಿಂದ ಮಾತ್ರ ದೇಶದ ಹಸಿವು ತೀರದು. 1893ರಲ್ಲಿ ಜಪಾನಿನಿಂದ ಅಮೆರಿಕಕ್ಕೆ ಹೋಗುವ ಹಡಗಿನಲ್ಲಿ ಅವರಿಗೆ ಸ್ವಾಮಿ ವಿವೇಕಾನಂದರ ಸಹವಾಸವು ದೊರೆಯಿತು. ಐದು ವರ್ಷಗಳ ತರುವಾಯ, 1898ರ ನವೆಂಬರಿನಲ್ಲಿ, ಆ ಭೇಟಿಯನ್ನು ನೆನೆದು ತಮ್ಮ ವಿದ್ಯಾಪೀಠದ ಯೋಜನೆಗೆ ಬೆಂಬಲವನ್ನು ಕೋರಿ ಸ್ವಾಮಿಗಳಿಗೆ ಪತ್ರವನ್ನು ಬರೆದರು. ಆ ವೇಳೆಗೆ ಅವರು ತಮ್ಮ ಆಸ್ತಿಯ ಅರ್ಧದಷ್ಟನ್ನು, ಎಂದರೆ ಮುಂಬಯಿಯಲ್ಲಿದ್ದ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಕಟ್ಟಡಗಳನ್ನೂ ಜಮೀನನ್ನೂ ಇದಕ್ಕಾಗಿ ಕೊಡುವುದಾಗಿ ಘೋಷಿಸಿದ್ದರು. ಅವುಗಳಿಂದ ವರ್ಷಕ್ಕೆ ಸುಮಾರು ಒಂದೂಕಾಲು ಲಕ್ಷದ ಉತ್ಪನ್ನವಿದ್ದಿತು. ಅವರ ಸಹಾಯಕರಾದ ಬುರ್ಜೋರಜಿ ಪಾದಶಾಹ ಅವರು ಪಾಶ್ಚಾತ್ಯ ದೇಶಗಳ ವಿಶ್ವವಿದ್ಯಾನಿಲಯಗಳನ್ನು ಸುತ್ತಿ ನೋಡಿ ಬಂದು ಯೋಜನೆಯನ್ನು ಸಿದ್ಧಪಡಿಸಿದ್ದರು.

ಈ ಯೋಜನೆಯನ್ನೇ ಮುಂಬಯಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದ ನ್ಯಾಯಮೂರ್ತಿ ಕ್ಯಾಂಡಿಯವರ ನೇತೃತ್ವದ ನಿಯೋಗವು ಕರ್ಜನ್ನರ ಬಳಿಗೆ ಒಯ್ದುದು. ಕರ್ಜನ್ನರ ಸಂದೇಹವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಅಂದು ದೇಶದಲ್ಲಿ ಉಕ್ಕಿನ ದೊಡ್ಡ ಕಾರ್ಖಾನೆಯಿರಲಿಲ್ಲ, ರಾಸಾಯನಿಕ ಉದ್ಯಮವು ಹೆಸರಿಗಷ್ಟೇ ಇದ್ದಿತು, ಜಲವಿದ್ಯುತ್ತು ಕಣ್ಣು ಬಿಡುತ್ತಿದ್ದಿತು. ಉದ್ಯಮವೇ ಇಲ್ಲದಲ್ಲಿ ಉದ್ಯಮವನ್ನು ನಡೆಸಬಲ್ಲ ವಿದ್ವಾಂಸನು ಎಲ್ಲಿಗೆ ಹೋಗಬೇಕು? ಜಮಶೇಟಜಿಯವರ ಇಡೀ ನಡೆಯು ಇದಕ್ಕೆ ಉತ್ತರವಾಗಿದ್ದಿತು. ವಿದ್ಯಾವಂತನು ಬರುವವರೆಗೆ ಉದ್ಯಮವು ಹುಟ್ಟದು, ಉದ್ಯಮವು ಹುಟ್ಟುವವರೆಗೆ ವಿದ್ಯಾವಂತನು ಬೇಡವೆಂದು ಸರಕಾರವು ಕುಳಿತರೆ ಎರಡೂ ಎಂದಿಗೂ ಆಗವು. ಆದುದರಿಂದ ಅವರು ಎರಡನ್ನೂ ಒಟ್ಟೊಟ್ಟಿಗೆ ಹಿಡಿದರು. ವಿದ್ಯಾಪೀಠಕ್ಕಾಗಿ ಓಡಾಡುತ್ತಿದ್ದ ವರ್ಷಗಳಲ್ಲಿಯೇ ಕಬ್ಬಿಣದ ಅದಿರನ್ನು ಹುಡುಕಿಸುತ್ತಿದ್ದರು, ಪಶ್ಚಿಮ ಘಟ್ಟದ ಮಳೆಯ ನೀರಿನಿಂದ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತನ್ನು ತರುವ ಆಲೋಚನೆಯಲ್ಲಿದ್ದರು.

ಕನ್ನಡ ನಾಡು ಈ ಕಥೆಯೊಳಗೆ ಬರುವುದು ಇಲ್ಲಿಂದ. ಮೈಸೂರು ಸೀಮೆಯ ಹವೆಯು ರೇಷ್ಮೆಗೆ ಒಪ್ಪುವುದೆಂದು ಕಂಡು, ಜಪಾನಿನಿಂದ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ಅವರು ರೇಷ್ಮೆಯ ತೋಟವನ್ನು ಆಗಲೇ ಮಾಡಿಸಿದ್ದರು. ಕಲಿಯಲು ಬಂದವರಿಗೆ ಅಲ್ಲಿ ಹುಳು ಸಾಕುವ ಹೊಸ ಕ್ರಮವನ್ನು ಕಲಿಸುತ್ತಿದ್ದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಆ ನಗರದ ಒಂದು ಭಾಗಕ್ಕೆ ಈಗಲೂ ಉಳಿದಿದೆ. ವಿದ್ಯಾಪೀಠಕ್ಕೆ ಸ್ಥಳವನ್ನು ಆರಿಸಲು ಇಂಗ್ಲೆಂಡಿನಿಂದ ಬಂದ ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆಯವರು ದೇಶವನ್ನು ಸಂಚರಿಸಿ ಬೆಂಗಳೂರನ್ನು ಸೂಚಿಸಿದರು. ದಿವಾನರಾದ ಶೇಷಾದ್ರಿ ಅಯ್ಯರವರ ಕಾಲದಿಂದಲೂ ಮೈಸೂರು ಸರಕಾರವು ಉತ್ಸಾಹವನ್ನು ತೋರಿಸಿದ್ದಿತು. ಅದು ಕೊಟ್ಟ ಭೂಮಿಯು 371 ಎಕರೆ. ಕಟ್ಟಡಕ್ಕೆ 5 ಲಕ್ಷ, ವರ್ಷಕ್ಕೆ 50,000 ರೂಪಾಯಿ. ಬ್ರಿಟಿಷ್ ಸರಕಾರವಾದರೋ ಒಂದು ಸಮಿತಿಯ ವರದಿಯ ಮೇಲೆ ಇನ್ನೊಂದು ಸಮಿತಿಯ ವರದಿಯನ್ನು ತರಿಸಿಕೊಳ್ಳುತ್ತ ವರ್ಷಗಳನ್ನು ಕಳೆಯಿತು.

1903ರ ಡಿಸೆಂಬರಿನಲ್ಲಿ ಅಪೋಲೊ ಬಂದರಿನ ಎದುರು ಜಮಶೇಟಜಿಯವರ ತಾಜಮಹಲ್ ಹೋಟೆಲು ತೆರೆಯಿತು. ಮುಂಬಯಿಯವರು ಅವರನ್ನು ನೆನೆಯುವುದು ಹೆಚ್ಚಾಗಿ ಇದರಿಂದಲೇ. ನಮಗೆ ಇದು ಸ್ವಲ್ಪ ಅನ್ಯಾಯವೆಂದು ತೋರುತ್ತದೆ. ಹೋಟೆಲನ್ನು ಅವರು ಕಣ್ಣಾರೆ ಕಂಡರು, ವಿದ್ಯಾಪೀಠವನ್ನು ಕಾಣಲಿಲ್ಲ. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್ ಎಂಬಲ್ಲಿ ಅವರು ಕಾಲವಾದರು. ಪುತ್ರರಾದ ದೊರಾಬಜಿ ಮತ್ತು ರತನಜಿಯವರು ತಂದೆಯವರ ವಾಗ್ದಾನದಿಂದ ಹಿಂದೆ ಸರಿಯಲಿಲ್ಲ. 1909ರ ಮೇ 27ರಂದು ಸರಕಾರದ ಆಜ್ಞೆಯಾಗಿ, 1911ರ ಜುಲೈ ತಿಂಗಳಲ್ಲಿ ಮೊದಲ ವಿದ್ಯಾರ್ಥಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಪ್ರವೇಶಿಸಿದರು. ಬೆಂಗಳೂರಿನ ಹಳಬರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್.

ಕರ್ಜನ್ನರ ಪ್ರಶ್ನೆಗೆ ಉತ್ತರವು ಬಹುದಿನ ಕಾಯಿಸಲಿಲ್ಲ. ಮೈಸೂರಿನ ಶ್ರೀಗಂಧದ ಮರವು ಎಣ್ಣೆ ತೆಗೆಯುವುದಕ್ಕಾಗಿ ಜರ್ಮನಿಗೆ ಹೋಗುತ್ತಿದ್ದಿತು. 1914ರಲ್ಲಿ ಮಹಾಯುದ್ಧವು ಆರಂಭವಾಗಲು ಹಡಗುಗಳು ನಿಂತು ಮರವು ರಾಶಿ ಬಿದ್ದಿತು. ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಪ್ರಯೋಗಶಾಲೆಯಲ್ಲಿ ಎಣ್ಣೆಯನ್ನು ತೆಗೆದು ತೋರಿಸಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು ಸರಕಾರವು 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆಯಿತು. ಅದರ ಬೆನ್ನಿಗೇ ಸಾಬೂನು ಬಂದಿತು; ಆ ವಿದ್ಯೆಗಾಗಿ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. ನಮ್ಮ ಮನೆಗಳ ಬಚ್ಚಲಿನಲ್ಲಿರುವ ಮೈಸೂರು ಸ್ಯಾಂಡಲ್ ಸಾಬೂನು ಈ ವಂಶದ್ದೇ. 1940ರಲ್ಲಿ ಮುಂಬಯಿಯ ಉದ್ಯಮಿ ವಾಲಚಂದ ಹೀರಾಚಂದರು ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಆರಂಭಿಸಿದಾಗ ವಿಮಾನ ಶಾಸ್ತ್ರವನ್ನು ಬಲ್ಲವರ ಅಗತ್ಯವುಂಟಾಗಿ, 1942ರಲ್ಲಿ ಸಂಸ್ಥೆಯಲ್ಲಿ ಅದಕ್ಕೆಂದೇ ಒಂದು ವಿಭಾಗವು ತೆರೆಯಿತು.

ಎಲ್ಲವೂ ಸುಗಮವಾಗಿ ನಡೆಯಿತೆಂದು ನಾವು ಹೇಳುವುದಿಲ್ಲ. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಿಂದ ಬಿ.ಎಸ್‌ಸಿ. ಮುಗಿಸಿದ ಕಮಲಾ ಭಾಗವತ ಎಂಬ ತರುಣಿಯು ಅಲ್ಲಿ ಪ್ರವೇಶವನ್ನು ಕೋರಿದಾಗ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಹೆಣ್ಣೆಂಬ ಕಾರಣದಿಂದ ನಿರಾಕರಿಸಿದರು. ಆಕೆಯ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ರಸಾಯನವನ್ನು ಕಲಿತವರು. ಆಕೆ ಹಠವನ್ನು ಬಿಡದೆ ನಿಂತುದರಿಂದ ಕಠಿಣವಾದ ಷರತ್ತುಗಳ ಮೇಲೆ ಪ್ರವೇಶವು ದೊರೆಯಿತು. 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟನ್ನು ಪಡೆದು, ಮುಂದೆ ಕಮಲಾ ಸೋಹೊನಿ ಎಂಬ ಹೆಸರಿನಿಂದ ನಮ್ಮ ನಗರದ ವಿಜ್ಞಾನ ಸಂಸ್ಥೆಯಲ್ಲಿ ಬಡವರ ಆಹಾರದ ಪೋಷಕಾಂಶಗಳ ಮೇಲೆ ದುಡಿದರು. ಜಮಶೇಟಜಿಯವರು ಮಹಿಳೆಯರಿಗೆ ಸಾಲ ಕೊಟ್ಟು ನಲವತ್ತು ವರ್ಷಗಳಾಗಿದ್ದರೂ ಅವರ ವಿದ್ಯಾಪೀಠದ ಬಾಗಿಲು ಅರ್ಧ ಮುಚ್ಚಿದ್ದಿತು.

ಬೆಂಗಳೂರಿಗೆ ಹೋದ ಮುಂಬಯಿಯ ಹಣವು ಬೇರೆ ರೂಪದಲ್ಲಿ ಮುಂಬಯಿಗೆ ಮರಳಿ ಬಂದಿತು. ಎರಡನೆಯ ಮಹಾಯುದ್ಧದಿಂದಾಗಿ ಇಂಗ್ಲೆಂಡಿಗೆ ಹಿಂತಿರುಗಲಾರದೆ ವಿಜ್ಞಾನ ಸಂಸ್ಥೆಯಲ್ಲಿ ಕೆಲಸಕ್ಕೆ ನಿಂತ ಹೋಮಿ ಭಾಭಾ ಅವರು 1944ರಲ್ಲಿ ದೊರಾಬಜಿ ಟಾಟಾ ನಿಧಿಗೆ ಒಂದು ಯೋಜನೆಯನ್ನು ಬರೆದು ಕಳುಹಿಸಿದರು. ಪರಮಾಣು ಶಕ್ತಿಯಿಂದ ವಿದ್ಯುತ್ತು ಬರುವ ಕಾಲಕ್ಕೆ ತಜ್ಞರನ್ನು ಹೊರದೇಶಗಳಲ್ಲಿ ಹುಡುಕಬೇಕಾಗಬಾರದೆಂಬುದು ಅದರ ಸಾರ. ಅದರ ಫಲವಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1945ರ ಜೂನಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅದೇ ವರ್ಷ ಮುಂಬಯಿಗೆ ಬಂದಿತು. ಈಗ ಕೊಲಾಬಾದ ಕಡಲ ದಂಡೆಯಲ್ಲಿದೆ. ಟಿಫ್ರಾಕ್ ಎಂಬ ಗಣಕಯಂತ್ರವು 1960ರಲ್ಲಿ ಅಲ್ಲಿಯೇ ಸಿದ್ಧವಾಯಿತು. ಗಣಕದ ಕೆಲಸವೆಂದರೇನೆಂದು ದೇಶದಲ್ಲಿ ಬಹುಮಂದಿಗೆ ತಿಳಿಯದಿದ್ದ ಕಾಲವದು.

ಜಮಶೇಟಜಿಯವರ ಸಾಲದ ನಿಧಿಯಿಂದ ನೆರವು ಪಡೆದವರಲ್ಲಿ ತುಮಕೂರಿನಲ್ಲಿ ಹುಟ್ಟಿದ ಕನ್ನಡಿಗರಾದ ರಾಜಾ ರಾಮಣ್ಣನವರೂ ಒಬ್ಬರು. ಲಂಡನ್ನಿನಲ್ಲಿ ಓದಿ ಬಂದು ಭಾಭಾ ಅವರ ಸಂಸ್ಥೆಯನ್ನು ಸೇರಿ, 1957ರಲ್ಲಿ ಟ್ರಾಂಬೆಯ ತರಬೇತಿ ಶಾಲೆಯನ್ನು ಕಟ್ಟುವುದರಲ್ಲಿ ಮುಖ್ಯರಾದರು. ದೇಶದಲ್ಲಿ ಪರಮಾಣು ವಿದ್ಯುತ್ ಕೇಂದ್ರವೊಂದೂ ಇಲ್ಲದಿದ್ದಾಗ ಅದನ್ನು ನಡೆಸುವವರನ್ನು ಅಲ್ಲಿ ಸಿದ್ಧಪಡಿಸತೊಡಗಿದರು. 1969ರಲ್ಲಿ ತಾರಾಪುರದ ಕೇಂದ್ರವು ವಿದ್ಯುತ್ತನ್ನು ಕೊಡಲಾರಂಭಿಸಿದಾಗ ಕೆಲಸ ಬಲ್ಲವರು ದೇಶದಲ್ಲಿಯೇ ಇದ್ದರು.

ಒಂದು ಕೊರತೆಯನ್ನು ಮಾತ್ರ ನಾವು ಮರೆಯಲಾರೆವು. ಜಮಶೇಟಜಿಯವರ ವಿದ್ಯಾಪೀಠವು ಪದವೀಧರರಿಗಾಗಿ ಕಟ್ಟಿದ್ದು. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರ ಮುಷ್ಕರವು ಆರಂಭವಾಗಿ, ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕುರ್ಲಾದ ಸ್ವದೇಶಿಯೂ ಉಳಿಯಲಿಲ್ಲ. ನಲವತ್ತು ವಯಸ್ಸಿನ ನೇಕಾರನಿಗೆ ಹೊಸ ಕಸಬನ್ನು ಕಲಿಸುವ ಬಾಗಿಲನ್ನು ಈ ನಗರದ ಯಾವ ವಿಶ್ವವಿದ್ಯಾನಿಲಯವೂ ಅಂದು ಅಗಲವಾಗಿ ತೆರೆದು ನಿಲ್ಲಲಿಲ್ಲ. ಕೆಲವರು ಕಾವಲುಗಾರರಾದರು, ಕೆಲವರು ತರಕಾರಿಯ ಗಾಡಿಯನ್ನು ತಳ್ಳಿದರು, ಹಲವರು ಊರಿಗೆ ಹಿಂತಿರುಗಿದರು. ಅವರ ಮೊಮ್ಮಕ್ಕಳಲ್ಲಿ ಕೆಲವರು ನಮ್ಮ ತರಗತಿಗಳಲ್ಲಿ ಕುಳಿತಿರಬಹುದು.

1892ರ ಆ ನಿಧಿಯು ಇಂದಿಗೂ ಮುಂಬಯಿಯಲ್ಲಿದೆ. ಪದವಿ ಮುಗಿಸಿ ವಿದೇಶದಲ್ಲಿ ಉಚ್ಚ ಶಿಕ್ಷಣವನ್ನು ಪಡೆಯಬಯಸುವವರು ಪ್ರತಿವರ್ಷ ಅರ್ಜಿಯನ್ನು ಸಲ್ಲಿಸಬಹುದು. ಅದು ಈಗಲೂ ಸಾಲವೇ, ಹಿಂತಿರುಗಿಸಬೇಕು.